ಹಳೆಯ ಹೆಸರು, ಹೊಸ ಬಂಡಿ

ನೆಮ್ಮಾರಿನಿಂದ ಶೃಂಗೇರಿಗೆ ಹೋಗುವ ರಸ್ತೆಯಲ್ಲಿ ಒಂದು ಕಾಲಕ್ಕೆ ಬಂಡಿ ಕಣ್ಣಿಗೆ ಬೀಳುವ ಮೊದಲೇ ಅದು ಯಾವುದೆಂದು ಕಿವಿ ಹೇಳುತ್ತಿತ್ತು. ತಿರುವಿನ ಆಚೆ ಡುಗುಡುಗು ಸದ್ದಾಯಿತೆಂದರೆ ಬರುತ್ತಿರುವುದು ಜಾವಾ, ಇಲ್ಲವೆ ಅದರ ತಮ್ಮ ಯೆಜ್ಡಿ. ಉಪಾಧ್ಯಾಯನಾದ ಹೊಸತರಲ್ಲಿ ನಾನೂ ಯಾರೋ ಬಳಸಿದ ಒಂದು ಯೆಜ್ಡಿಯನ್ನು ಕೊಂಡೆ. ಅದು ಇಂದಿಗೂ ನಮ್ಮ ಕೊಟ್ಟಿಗೆಯಲ್ಲಿದೆ. ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಜಾವಾ ಏರಿ ಮನೆಗೆ ಬಂದ. ಎರಡನ್ನೂ ಅಂಗಳದಲ್ಲಿ ಜೋಡಿಯಾಗಿ ನಿಲ್ಲಿಸಿ, “ಮೇಷ್ಟ್ರೇ, ಇದು ಅದೇ ಅಲ್ವಾ?” ಎಂದು ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ.

ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ಯಂತ್ರಶಿಲ್ಪಿಯ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಬಂಡಿಯ ಮೊದಲೆರಡು ಅಕ್ಷರಗಳು ಸೇರಿ ಆದ ಒಂದು ಬಗೆಯ ಸಮಾಸಪದ ಅದು. ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ, ಇರಾನಿ ಮನೆತನದವರ ಉದ್ಯಮಶೀಲತೆಯಿಂದ ಆ ಬಂಡಿ ಮೈಸೂರಿಗೆ ಬಂತು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಬಂಡಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಆ ಬಂಡಿಯ ಜಾಣತನಗಳು ಹಲವು. ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತಿತ್ತು. ಸಿಲಿಂಡರು ಒಂದೇ, ಸೈಲೆನ್ಸರು ಎರಡು. ಆದರೆ ಅದರದು ಎರಡು ಹೊಡೆತದ ಎಂಜಿನ್. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಆ ಎಣ್ಣೆಯೂ ಉರಿದು ಹೊಗೆಯಾಗುತ್ತದೆ; ಜೊತೆಗೆ ಅಷ್ಟಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಊರಿನ ಗಾಳಿಗೆ ಇದು ಒಳ್ಳೆಯದಲ್ಲ.

2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆ ಜಾವಾವನ್ನು ಮರಳಿ ತಂದಾಗ, ಅದನ್ನು ರೂಪಿಸಿದವರ ಮುಂದೆ ಇದ್ದ ಕಷ್ಟ ಇದೇ. ಜನ ಮೆಚ್ಚಿದ್ದು ಹಳೆಯದನ್ನು. ಕಾನೂನು ಒಪ್ಪುವುದು ಹೊಸದನ್ನು. ಅವರು 293 ಸಿಸಿಯ, ನಾಲ್ಕು ಹೊಡೆತದ, 27 ಅಶ್ವಶಕ್ತಿಯ ಎಂಜಿನ್ ಹೂಡಿದರು. ನಾಲ್ಕಿದ್ದ ಗೇರು ಆರಾಯಿತು. ಕಿಕ್ ಹೋಗಿ ಗುಂಡಿ ಬಂತು. ಎಂಜಿನ್ ಈಗ ತಣಿಯುವುದು ದ್ರವದಿಂದ. ಆದರೂ ಗಾಳಿಯಿಂದ ತಣಿಯುತ್ತಿದ್ದ ಕಾಲದ ರೆಕ್ಕೆಯಂಥ ಪಟ್ಟಿಗಳನ್ನು ಅದರ ಮೈಮೇಲೆ ಉಳಿಸಿಕೊಂಡರು. ಎರಡು ಸೈಲೆನ್ಸರುಗಳನ್ನೂ ಬಿಡಲಿಲ್ಲ.

ಕೆಲವರು ಇದನ್ನು ಬರಿಯ ವೇಷವೆನ್ನುತ್ತಾರೆ. ನಾನು ಹಾಗೆನ್ನಲಾರೆ. ನಮ್ಮ ಭಾಷೆ ನೂರಾರು ವರ್ಷಗಳಿಂದ ಈ ಕೆಲಸ ಮಾಡುತ್ತಲೇ ಬಂದಿದೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಅದಕ್ಕೆ ಮೀಸಲಿಟ್ಟಿದ್ದಾನೆ. ವರ್ಣ ಬಣ್ಣವಾಯಿತು, ಯಾತ್ರೆ ಜಾತ್ರೆಯಾಯಿತು. ನಾಲಗೆಗೆ ಒಗ್ಗದ್ದು ಹೋಯಿತು, ಗುರುತಿಗೆ ಬೇಕಾದದ್ದು ಉಳಿಯಿತು. ಜಾತ್ರೆ ಯಾತ್ರೆಯ ನಕಲಲ್ಲ. ಅದಕ್ಕೆ ಅದರದೇ ಸಡಗರವಿದೆ. ಅಂಗಳದಲ್ಲಿ ನಿಂತಿದ್ದ ಹೊಸ ಬಂಡಿಯೂ ಹಳೆಯದರ ತದ್ಭವವೇ ಎಂದು ಹುಡುಗನಿಗೆ ಹೇಳಿದೆ. ಶಾಲೆಯ ಪಾಠ ನೆನಪಾಗಿ ಅವನು ನಕ್ಕ.

ಆದರೆ ತದ್ಭವ ಬದುಕುವುದು ಆಡುವ ಬಾಯಿಗಳಿರುವುದರಿಂದ. ಬಂಡಿಗೆ ಆ ಬಾಯಿ ಎಂದರೆ ಕೈ. ಮೈಸೂರಿನ ಕಾರ್ಖಾನೆಯಲ್ಲಿ ಮೂರೂವರೆ ದಶಕ ನುರಿತ ಕೈಗಳಿದ್ದವು. ಹೆಸರು ಮರಳಿ ಬಂತು, 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಆದರೆ ಅವು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯಾದವಗಿರಿಯ ಕೆಲಸಗಾರರ ಪಾಲಿಗೆ ಏನೂ ಮರಳಲಿಲ್ಲ. ರೂಪವನ್ನು ಕಾಗದದ ಮೇಲೆ ಮತ್ತೆ ಬರೆಯಬಹುದು. ಚದುರಿದ ಕೈಗಳನ್ನು ಮತ್ತೆ ಕೂಡಿಸುವುದು ಹೇಗೆ? ಹಳೆಯ ಬಂಡಿಗಳು ಇನ್ನೂ ಓಡುತ್ತಿದ್ದರೆ, ಅದು ಅಲ್ಲಲ್ಲಿ ಉಳಿದ ಮೆಕ್ಯಾನಿಕರ ಪುಣ್ಯ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ಯೆಜ್ಡಿ ದಿನವೆಂದು ಆಚರಿಸುವ ಅಭಿಮಾನಿಗಳ ಪುಣ್ಯವೂ ಹೌದು.

ಅಂದು ನನ್ನ ಯೆಜ್ಡಿಯನ್ನು ಚಾಲೂ ಮಾಡಲು ಹುಡುಗ ಬಹಳ ಹೆಣಗಿದ. ಕಿಕ್ ಎಲ್ಲಿದೆಯೆಂದೇ ಅವನಿಗೆ ತಿಳಿಯಲಿಲ್ಲ. ಸನ್ನೆಯನ್ನು ತಿರುಗಿಸಿ ತೋರಿಸಿದೆ. ಮೂರನೆಯ ಒದೆತಕ್ಕೆ ಅದು ಎದ್ದಿತು. ಅಂಗಳದ ತುಂಬ ನೀಲಿ ಹೊಗೆ. ಮನೆಯಾಕೆ ಕಿಟಕಿ ಮುಚ್ಚಿದಳು. ಆ ಹೊಗೆ ಹೋಗಬೇಕಾದದ್ದೇ, ಅದರಲ್ಲಿ ನನಗೆ ಸಂದೇಹವಿಲ್ಲ. ಈ ಬಂಡಿಯನ್ನು ಮಾರಿಬಿಡಬೇಕೆಂದು ಎರಡು ವರ್ಷಗಳಿಂದ ಯೋಚಿಸುತ್ತಿದ್ದೆ; ಬಿಡಿಭಾಗ ಸಿಗುವುದು ಕಷ್ಟ, ನನ್ನ ಮಂಡಿಯೂ ಮೊದಲಿನಂತಿಲ್ಲ. ಹೊರಡುವ ಮುನ್ನ ಹುಡುಗ, “ಮೇಷ್ಟ್ರೇ, ಇದರ ಕಾರ್ಬುರೇಟರ್ ಬಿಚ್ಚಿ ಜೋಡಿಸೋದನ್ನ ನನಗೆ ಕಲಿಸ್ತೀರಾ?” ಎಂದ.

ದಸರಾ ರಜೆಗೆ ಬರಲು ಹೇಳಿದ್ದೇನೆ. ಅಲ್ಲಿಯವರೆಗೆ ಮಾರುವ ಮಾತಿಲ್ಲ.