ನಾಯಿಗಳ ಉಣ್ಣೆಜ್ವರ: ಸ್ಥಳದಲ್ಲಿಯೇ ರಕ್ತಪರೀಕ್ಷೆ ಮತ್ತು ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಲಾದ ಉಪನ್ಯಾಸದ ಪಠ್ಯ)



ಕಾವಲು ನಾಯಿಯೊಂದು ಎರಡು ದಿನ ಅನ್ನ ಮುಟ್ಟದೆ ಮೂಲೆಯಲ್ಲಿ ಮುದುಡಿ ಮಲಗಿದರೆ ಗ್ರಾಮದಲ್ಲಿ ಸಾಮಾನ್ಯವಾಗಿ ಎರಡು ಊಹೆಗಳು ಹುಟ್ಟುತ್ತವೆ: ಯಾರೋ ವಿಷವಿಕ್ಕಿದ್ದಾರೆ, ಇಲ್ಲವೇ ಹುಚ್ಚು ಹಿಡಿದಿದೆ. ಮೊದಲನೆಯದು ನೆರೆಹೊರೆಯ ಜಗಳಕ್ಕೂ ಎರಡನೆಯದು ದೊಣ್ಣೆಗೂ ದಾರಿಯಾಗುತ್ತದೆ. ಆದರೆ ಒಸಡು ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಕಿವಿಯೊಳಗೆ ಉಣ್ಣೆಗಳು ಗುಂಪುಗಟ್ಟಿದ್ದರೆ ಉಣ್ಣೆಯಿಂದ ಹರಡುವ ರಕ್ತರೋಗವನ್ನು ಶಂಕಿಸಲೇಬೇಕು.

ಬೆಬೀಸಿಯ ಎಂಬ ಏಕಕೋಶ ಪರಾವಲಂಬಿಯು ಕೆಂಪು ರಕ್ತಕಣದೊಳಗೆ ವೃದ್ಧಿಯಾಗಿ ಆ ಕಣವನ್ನೇ ಒಡೆಯುತ್ತದೆ. ದಕ್ಷಿಣ ಭಾರತಕ್ಕೆ ಇದು ಹೊಸದಲ್ಲ. ಬೆಬೀಸಿಯ ಗಿಬ್ಸೋನಿ ಎಂಬ ಪ್ರಭೇದವನ್ನು ಪ್ಯಾಟನ್ ಎಂಬ ವಿಜ್ಞಾನಿ 1910ರಲ್ಲಿ ಮೊದಲು ಗುರುತಿಸಿದುದೇ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಅನಂತರ ನರಿಯಲ್ಲಿಯೂ ಅದು ಕಂಡುಬಂದಿತು. ಎರ್ಲಿಕಿಯ ಎಂಬ ಬ್ಯಾಕ್ಟೀರಿಯವನ್ನೂ ಉಣ್ಣೆಗಳೇ ಹರಡುತ್ತವೆ. ಜ್ವರ, ನಿಶ್ಶಕ್ತಿ, ರಕ್ತಹೀನತೆ ಎರಡರಲ್ಲಿಯೂ ಒಂದೇ ತೆರನಾಗಿದ್ದರೂ ಔಷಧ ಬೇರೆ. ಡಾಕ್ಸಿಸೈಕ್ಲಿನ್ ಎರ್ಲಿಕಿಯಕ್ಕೆ ಸಲ್ಲುತ್ತದೆ, ಅದೊಂದರಿಂದಲೇ ಬೆಬೀಸಿಯ ವಾಸಿಯಾಗದು. ಊಹೆಯ ಚಿಕಿತ್ಸೆಯಲ್ಲಿ ಹಣದೊಡನೆ ದಿನಗಳೂ ಕಳೆಯುತ್ತವೆ.

ಪಶು ಚಿಕಿತ್ಸಾಲಯದಲ್ಲಿಯೇ ಇದನ್ನು ತಿಳಿಯಲು ಎರಡು ಮಾರ್ಗಗಳಿವೆ. ಕಿವಿಯ ಅಂಚಿನಿಂದ ತೆಗೆದ ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣ ಕಟ್ಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಮಾರ್ಗ. ಹತ್ತು ಹದಿನೈದು ನಿಮಿಷಗಳಲ್ಲಿ ಗೆರೆ ಮೂಡಿಸುವ ಕಿಟ್ ಹೊಸದು. ಕಿಟ್ ಬಳಕೆ ಸುಲಭ. ಆದರೆ ಪ್ರತಿಕಾಯ ಪತ್ತೆಮಾಡುವ ಕಿಟ್, ರೋಗ ವಾಸಿಯಾದ ತಿಂಗಳುಗಳ ಬಳಿಕವೂ ಗೆರೆ ತೋರಿಸಬಹುದು. ಸೋಂಕಿನ ಆರಂಭದ ದಿನಗಳಲ್ಲಿ ತೋರಿಸದೆಯೂ ಇರಬಹುದು. ರಕ್ತಲೇಪನದಲ್ಲಿ ಪರಾವಲಂಬಿ ಕಣ್ಣಿಗೇ ಕಾಣುತ್ತದೆ. ಆದರೆ ಅದರ ಸಂಖ್ಯೆ ಕಡಿಮೆಯಿದ್ದಾಗ ತಪ್ಪಿಹೋಗುವುದುಂಟು. ಅನುದಾನ ಅಲ್ಪವಿದ್ದಲ್ಲಿ ಕಿಟ್‌ಗಳ ಪೆಟ್ಟಿಗೆ ಖರೀದಿಸುವುದಕ್ಕಿಂತ, ಧೂಳು ಹಿಡಿದಿರುವ ಸೂಕ್ಷ್ಮದರ್ಶಕವನ್ನು ದುರಸ್ತಿಗೊಳಿಸಿ ಬಣ್ಣದ ದ್ರಾವಣ ಒದಗಿಸುವುದೇ ಮೊದಲು ಆಗತಕ್ಕ ಕೆಲಸ.

ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023ರ ಅನ್ವಯ ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲಿದೆ. ಎರ್ಲಿಕಿಯ ತಗುಲಿದ ನಾಯಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿದಿರುತ್ತವೆ. ಅಂತಹ ನಾಯಿಗೆ ಶಸ್ತ್ರಚಿಕಿತ್ಸೆ ನಡೆದರೆ ರಕ್ತಸ್ರಾವ ನಿಲ್ಲದೆ ಸಾಯುವ ಸಂಭವವಿದೆ. ಒಸಡು ಬಿಳಿಚಿದ, ಉಣ್ಣೆ ತುಂಬಿದ ನಾಯಿಗಳಿಗೆ ಮುಂಚಿತವಾಗಿ ರಕ್ತಪರೀಕ್ಷೆ ಮಾಡತಕ್ಕದ್ದೆಂದು ಗುತ್ತಿಗೆಯ ಷರತ್ತುಗಳಲ್ಲಿಯೇ ಸೇರಿಸುವುದು ಸೂಕ್ತ.

ಒಂದು ಎಚ್ಚರಿಕೆ ಅಗತ್ಯ. ಈ ಪರೀಕ್ಷೆಗಳಿಂದ ರೇಬೀಸ್ ಪತ್ತೆಯಾಗದು. ಉಣ್ಣೆಜ್ವರವೆಂದು ಫಲಿತಾಂಶ ಬಂದ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಕಂದು ಉಣ್ಣೆಯ ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಮೈಗೆ ಔಷಧ ಹಚ್ಚಿ ಬಿರುಕನ್ನು ಬಿಟ್ಟರೆ ಉಣ್ಣೆ ಮರಳಿ ಬರುತ್ತದೆ. ದನಗಳಿಗೆ ತಂದ ಉಣ್ಣೆನಾಶಕವನ್ನು ಅಳತೆಯಿಲ್ಲದೆ ನಾಯಿಗೆ ಸುರಿಯುವ ರೂಢಿಯೂ ಕೆಲವೆಡೆ ಇದೆ. ಪಶುವೈದ್ಯರು ತಿಳಿಸಿದ ಪ್ರಮಾಣವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಸೂಚನಾ ಫಲಕದಲ್ಲಿ ಪ್ರಕಟಿಸುವುದು.