ಅಂಗಳದ ಕಪ್ಪು ಚುಕ್ಕೆ

ಬೆಳ್ತಂಗಡಿ ಕಡೆ ಅಂಗಳವೆಂದರೆ ಅಡಿಕೆ ಒಣಗುವ ಜಾಗ. ಅಲ್ಲೇ ಮೂಲೆಯಲ್ಲಿ ಒಂದು ಹಳೆಯ ಮಾರುತಿ 800. ಬೆಳಗ್ಗೆ ಅದರಡಿ ಎಂಜಿನ್ ಎಣ್ಣೆಯ ಕಪ್ಪು ಚುಕ್ಕೆ ಕಂಡರೆ ಮನೆಯವರಿಗೆ ಕಾರಿಗಿಂತ ಅಡಿಕೆಯದೇ ಚಿಂತೆ!

1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾದರಿಯದು. 2014ರಲ್ಲಿ ತಯಾರಿಕೆ ನಿಂತಿತು. 796 ಸಿಸಿಯ ಪುಟ್ಟ ಎಂಜಿನ್.

ಹನಿ ಬಿದ್ದಲ್ಲೇ ನೋಡಿ ಕೆಳಗಿನ ಬೋಲ್ಟ್ ಬಿಗಿಯುವವರೇ ಹೆಚ್ಚು. ಆದರೆ ಎಣ್ಣೆ ಇಳಿಯುವುದು ಮೇಲಿನಿಂದ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಕೆಲಸ ಬಲ್ಲವರು ತಣ್ಣಗಾದ ಎಂಜಿನನ್ನು ಮೊದಲು ಒರೆಸಿ ಚೊಕ್ಕ ಮಾಡುತ್ತಾರೆ. ಒಂದು ಸುತ್ತು ಓಡಿಸಿ ಬಂದು, ಅಡಿಗೆ ರಟ್ಟು ಹಾಸಿ, ಟಾರ್ಚ್ ಹಿಡಿದು ಮೇಲಿನಿಂದ ಹುಡುಕುತ್ತಾರೆ. ಹಲವು ಸಲ ಸಿಕ್ಕಿಬೀಳುವುದು ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ರಬ್ಬರ್ ಗ್ಯಾಸ್ಕೆಟ್. ವರ್ಷಗಟ್ಟಲೆ ಬಿಸಿಗೆ ಬೆಂದು ಹಪ್ಪಳದಂತೆ ಸೆಟೆದಿರುತ್ತದೆ. ಎಷ್ಟು ಬಿಗಿದರೂ ಮೆತ್ತಗಾಗದು, ಕವರೇ ಸೊಟ್ಟಗಾದೀತು. ಹೊಸದು ಹಾಕಿ, ಹದವಾಗಿ ಬಿಗಿಯಬೇಕು. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರಂತೂ ಒಳಗಿನ ಒತ್ತಡಕ್ಕೆ ಹೊಸ ಗ್ಯಾಸ್ಕೆಟ್ಟೂ ಜಿನುಗುತ್ತದೆ.

ಇದೇ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಹೋದವರೆಲ್ಲ ಹೊಳೆಯುವ ಬಾನೆಟ್ ನೋಡುತ್ತಾರೆ. ಮನೆಯಲ್ಲಿ ಗ್ಯಾಸ್ಕೆಟ್ ಬದಲಿಸಿದವರು ಮಾತ್ರ ಬಗ್ಗಿ ನೆಲ ನೋಡುತ್ತಾರೆ.