ಗೋದಾಮಿನ ನೆಲದಿಂದ ನಿರ್ವಹಣೆಯ ಹೊಣೆಯವರೆಗೆ



ರಾತ್ರಿ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಬಂದು ಕೂತಿರುವ ಹಲವರು ಈ ಸಭೆಯಲ್ಲಿದ್ದೀರಿ. ಮೊದಲ ವಂದನೆ ನಿಮಗೆ. ಲೋಡರ್ ಆಗಿ ಗೋದಾಮಿನ ಕ್ಷೇತ್ರಕ್ಕೆ ಬಂದ ನನ್ನನ್ನು ಇಂದು ಈ ಸಮಾವೇಶದ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ. ಕೈಯಾರೆ ಸರಕು ಎತ್ತಿ ಬದುಕು ಕಟ್ಟಿಕೊಂಡ ಎಲ್ಲರಿಗೂ ಸಂದ ಗೌರವ ಎಂದು ಇದನ್ನು ಸ್ವೀಕರಿಸುತ್ತೇನೆ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಗೋದಾಮಿನ ನೆಲದ ಮೇಲೆ ಕಲಿತ ಅರಿವೇ ಒಳ್ಳೆಯ ವ್ಯವಸ್ಥಾಪಕನಿಗೆ ಇರಬೇಕಾದ ಮೊದಲ ಅರ್ಹತೆ. ಆ ಅರಿವನ್ನು ಲೆಕ್ಕಕ್ಕೆ ತರುವುದನ್ನು ಕೆಲಸಗಾರ ಕಲಿಯಬೇಕು. ಕಲಿತವನು ಮೇಲೆ ಬರುವ ದಾರಿಯನ್ನು ಸಂಸ್ಥೆ ತೆರೆದಿಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ವ್ಯರ್ಥ.

ಈ ಮಾತನ್ನು ನಾಗಪುರದ ಪಕ್ಕದ ಹಿಂಗಣಾದಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯೂ ಗುಜರಾತಿನಿಂದ ಒಡಿಶಾದ ಕಡೆ ಹೋಗುವ 53ನೇ ಹೆದ್ದಾರಿಯೂ ಕೂಡುವುದು ನಾಗಪುರದಲ್ಲಿ. ದಿಲ್ಲಿ–ಚೆನ್ನೈ, ಮುಂಬೈ–ಹೌರಾ ರೈಲು ಮಾರ್ಗಗಳು ಸಂಧಿಸುವುದೂ ಇಲ್ಲೇ. ಮುಂಬೈಗೆ ಹೋಗುವ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ ನಮ್ಮ ಹಿಂಗಣಾ ತಾಲ್ಲೂಕಿನ ಶಿವಮಡಕಾ ಹಳ್ಳಿಯಿಂದ ಹೊರಡುತ್ತದೆ. ಶಿರಡಿಯವರೆಗಿನ ಭಾಗ 2022ರ ಡಿಸೆಂಬರಿನಲ್ಲಿ, ಕೊನೆಯ ಭಾಗ 2025ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆಯಿತು.

ರಸ್ತೆಗಿಂತ ದೊಡ್ಡ ಬದಲಾವಣೆ ತಂದದ್ದು ತೆರಿಗೆ. 2017ರ ಜುಲೈ 1ಕ್ಕೆ ಮುಂಚೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ತಮ್ಮದೇ ಡಿಪೋಗೆ ಸಾಗಿಸಿದರೆ ಆ ತೆರಿಗೆ ಇರಲಿಲ್ಲ. ಹೀಗಾಗಿ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಂಡಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯಿತು. ಹಲವು ಸಣ್ಣ ಗೋದಾಮುಗಳ ಬದಲು ಆಯಕಟ್ಟಿನ ಜಾಗದಲ್ಲಿ ಒಂದು ದೊಡ್ಡದನ್ನು ನಡೆಸುವುದು ಲಾಭಕರವಾಯಿತು. ಸಣ್ಣ ಗೋದಾಮಿಗೆ ಒಬ್ಬ ನಂಬಿಕಸ್ಥ ಗುಮಾಸ್ತ ಸಾಕಾಗಿತ್ತು. ದೊಡ್ಡ ಗೋದಾಮಿಗೆ ಶಿಫ್ಟ್ ಇನ್‌ಚಾರ್ಜ್ ಬೇಕು, ದಾಸ್ತಾನು ನೋಡುವವರು ಬೇಕು, ಸುರಕ್ಷತೆಯ ಅಧಿಕಾರಿ ಬೇಕು, ಇಡೀ ವ್ಯವಸ್ಥೆಯನ್ನು ತಿಳಿದ ಮ್ಯಾನೇಜರ್ ಬೇಕು. ನಮ್ಮ ಮಕ್ಕಳಿಗೆ ಈ ಕ್ಷೇತ್ರದಲ್ಲಿ ದಿನಗೂಲಿ ಮೀರಿದ ವೃತ್ತಿಯೊಂದು ಹುಟ್ಟಿದ್ದು ಹೀಗೆ.

ಸರಕು ಬಲ್ಲವನು ಸಂಸ್ಥೆ ನಡೆಸಬಲ್ಲ ಎಂಬುದಕ್ಕೆ ನಾಗಪುರದಲ್ಲೇ ಹಳೆಯ ಸಾಕ್ಷಿಯಿದೆ. 1877ರ ಜನವರಿ 1ರಂದು ಜಮ್‌ಶೇಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ಆರಂಭಿಸಿದರು. ಅದರ ವ್ಯವಸ್ಥಾಪಕರಾಗಿ ಅವರು ಆರಿಸಿಕೊಂಡ ಬೆಜೋನ್‌ಜಿ ದಾದಾಭಾಯಿ ಮೆಹ್ತಾ ಬಟ್ಟೆ ಗಿರಣಿಯವರಲ್ಲ. ರೈಲ್ವೆಯ ಸರಕು ವಿಭಾಗದಿಂದ ಬಂದವರು. ಹತ್ತಿ ಬರುವ ಸಮಯ, ಬಟ್ಟೆ ಹೊರಡುವ ಸಮಯ, ನಡುವೆ ದುಡಿಯುವ ಜನ, ಇವನ್ನು ಸಂಭಾಳಿಸುವ ಶಿಸ್ತು ಅವರಲ್ಲಿತ್ತು. ನೂಲಿನ ವಿಷಯವನ್ನು ಆಮೇಲೆ ಕಲಿತರು. ಕನ್ನಡ ನಾಡಿನಲ್ಲಿ ನೋಡಿದರೆ, ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ತೊಡಗಿದ ಸಾಗಣೆ ಇಂದು ದೇಶದುದ್ದಕ್ಕೂ ಹರಡಿದೆ. ಎಲ್ಲರೂ ಉದ್ಯಮಿಗಳಾಗಬೇಕಿಲ್ಲ. ಆದರೆ ಸರಕಿನ ಕೆಲಸ ಕೆಳಗಿನದು, ಅದರಿಂದ ಮೇಲೆ ಬರಲಾಗದು ಎಂಬ ಮಾತಿಗೆ ಆಧಾರವಿಲ್ಲ.

ಮಿತ್ರರೇ, ನೆಲದ ಮೇಲೆ ಏನು ಕಲಿಯುತ್ತೇವೆ ಎಂಬುದನ್ನು ಬಿಡಿಸಿ ನೋಡೋಣ. ಮಾಲು ಏರಿಳಿಸುವ ಡಾಕ್‌ಗೆ ಗಾಡಿ ಬಂತು. ಸೀಲ್ ನಂಬರ್ ಕಾಗದದಲ್ಲಿದ್ದಂತೆ ಇದೆಯೇ ನೋಡುತ್ತೀರಿ. ಬಾಗಿಲು ತೆರೆದ ಕ್ಷಣದಲ್ಲೇ ಕೆಳಗಿನ ಸಾಲಿನ ಪೆಟ್ಟಿಗೆ ಕುಸಿದಿದೆಯೇ, ಮೂಲೆಯಲ್ಲಿ ಒದ್ದೆಯಿದೆಯೇ ಎಂದು ಕಣ್ಣು ಹುಡುಕುತ್ತದೆ. ಎಣಿಸಿ, ಕೊರತೆ ಮತ್ತು ಡ್ಯಾಮೇಜ್ ಬರೆದು ಡ್ರೈವರ್ ಸಹಿ ತೆಗೆದುಕೊಳ್ಳುತ್ತೀರಿ. ಆ ಸಹಿ ತಪ್ಪಿದರೆ ನಷ್ಟ ಸಾಗಣೆದಾರನದೋ ಗೋದಾಮಿನದೋ ಎಂಬ ಜಗಳಕ್ಕೆ ಆಧಾರವೇ ಉಳಿಯುವುದಿಲ್ಲ. ಲಕ್ಷಾಂತರ ರೂಪಾಯಿಯ ಕ್ಲೇಮ್ ನಿಲ್ಲುವುದು ಮಾಲು ಒಳಬರುವ ಇನ್‌ವರ್ಡ್‌ನಲ್ಲಿ ನಿಂತ ಒಬ್ಬ ಚೆಕ್ಕರ್ ಬರೆದ ಒಂದು ಸಾಲಿನ ಮೇಲೆ.

ಆಮೇಲೆ ಮಾಲು ರ‍್ಯಾಕ್ ಸೇರುತ್ತದೆ. ಯಾವ ಬಿನ್‌ನಲ್ಲಿ, ಅಂದರೆ ಯಾವ ಖಾನೆಯಲ್ಲಿ, ಇಟ್ಟೆವು ಎಂದು ಸ್ಕ್ಯಾನ್ ಮಾಡದೆ ಬಿಟ್ಟರೆ ಮಾಲು ಗೋದಾಮಿನೊಳಗೇ ಕಳೆದುಹೋಗುತ್ತದೆ. ಕಂಪ್ಯೂಟರ್ ಇದೆ ಎನ್ನುತ್ತದೆ, ಕೈಗೆ ಸಿಗುವುದಿಲ್ಲ. ಔಷಧಿಯಲ್ಲಿ, ತಿಂಡಿ ಪದಾರ್ಥದಲ್ಲಿ ಮೊದಲು ಬಂದದ್ದು ಮೊದಲು ಹೋದರೆ ಸಾಲದು, ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಆರ್ಡರಿನಂತೆ ಮಾಲು ಆರಿಸುವ ಪಿಕಿಂಗ್‌ನಲ್ಲಿ ಕೈ ಎಷ್ಟು ಚುರುಕಾದರೂ ಸಮಯದ ದೊಡ್ಡ ಪಾಲು ಹೋಗುವುದು ನಡಿಗೆಯಲ್ಲಿ. ದಿನವೂ ಹೊರಡುವ ಮಾಲನ್ನು ಡಾಕ್‌ಗೆ ಹತ್ತಿರ, ಸೊಂಟದ ಎತ್ತರದಲ್ಲಿ ಇಟ್ಟರೆ ಪಿಕ್ಕರ್‌ನ ಕಾಲಿಗೂ ಬೆನ್ನಿಗೂ ಬಿಡುವು, ಕಂಪನಿಗೂ ಲಾಭ. ಇದನ್ನು ಮೊದಲು ಅರಿಯುವವನು ನಡೆದು ದಣಿದ ಪಿಕ್ಕರ್.

ಕೊನೆಗೆ ಔಟ್‌ವರ್ಡ್, ಮಾಲು ಹೊರಡುವ ಹಂತ. ₹50,000 ಮೀರಿದ ಮಾಲು ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. 2021ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಇಲ್ಲಿಂದ ಬೆಂಗಳೂರು ಸುಮಾರು 1,100 ಕಿ.ಮೀ.; ಆರು ದಿನ ಸಿಗುತ್ತದೆ. ಬಿಲ್ ಪೂರ್ತಿ ತಯಾರಾದ ಮೇಲೂ ಗಾಡಿ ಇಲ್ಲೇ ನಿಂತರೆ ಆ ಅವಧಿ ಇಲ್ಲೇ ಸವೆಯುತ್ತದೆ. ಲೋಡಿಂಗ್ ಮಾಡುವವನ ಒಂದು ಗಂಟೆಗೂ ಕಾನೂನಿಗೂ ಇರುವ ಈ ಸಂಬಂಧವನ್ನು ತಿಳಿದವನು ಮ್ಯಾನೇಜರ್ ಆಗುವ ದಾರಿಯಲ್ಲಿದ್ದಾನೆ.

ಹಾಗಾದರೆ ಇಷ್ಟೆಲ್ಲ ಗೊತ್ತಿರುವ ಜನ ಏಕೆ ವರ್ಷಗಟ್ಟಲೆ ಅದೇ ಜಾಗದಲ್ಲಿ ಉಳಿಯುತ್ತಾರೆ? ನಮ್ಮ ಕಡೆಯ ಕಾರಣ ಮೊದಲು ಹೇಳುತ್ತೇನೆ. ನಮ್ಮ ಅರಿವು ಕೈಯಲ್ಲಿದೆ, ಕಾಗದದಲ್ಲಿಲ್ಲ. "ಆ ಸಾಲಿನಲ್ಲಿ ಯಾವಾಗಲೂ ಗೊಂದಲ ಸಾರ್" ಎಂದರೆ ಮೇಲಿನವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. "ಆ ಸಾಲಿನ 200 ಬಿನ್ ಎಣಿಸಿದೆ, 14ರಲ್ಲಿ ವ್ಯತ್ಯಾಸ ಬಂತು, ಹೆಚ್ಚಿನವು ಒಂದೇ ಬಣ್ಣದ ಎರಡು ಅಳತೆಯ ಪೆಟ್ಟಿಗೆಗಳು" ಎಂದರೆ ಅವರು ಕುರ್ಚಿ ಎಳೆದು ಕೂರುತ್ತಾರೆ. ವಿಷಯ ಒಂದೇ. ಎರಡನೆಯ ಮಾತು ಆಡಿದವನನ್ನು ದಾಸ್ತಾನು ವಿಭಾಗಕ್ಕೆ ಕರೆಯುತ್ತಾರೆ. ನನ್ನ ಬದುಕಿನ ಮೊದಲ ಬಡ್ತಿ ಬಂದದ್ದು ಇಂಥ ಒಂದು ಎಣಿಕೆಯಿಂದ. ಆದ್ದರಿಂದ ತರುಣರಿಗೆ ಹೇಳುತ್ತೇನೆ, ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಎಕ್ಸೆಲ್ ಕಲಿಯಿರಿ. ಸ್ಕ್ಯಾನರ್ ಒತ್ತಿದಾಗ ಪರದೆಯ ಹಿಂದೆ ಯಾವ ದಾಖಲೆ ಬದಲಾಯಿತು ಎಂದು ಕೇಳಿ ತಿಳಿಯಿರಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ನೇರ ಇಮೇಲ್ ಬರೆಯಲು ಬರಲಿ.

ದಾಸ್ತಾನಿನಿಂದ ಮುಂದೆ ಟೀಮ್ ಲೀಡರ್, ಆಮೇಲೆ ಶಿಫ್ಟ್ ಇನ್‌ಚಾರ್ಜ್. ಎಲ್ಲಕ್ಕಿಂತ ಕಷ್ಟದ ಹಂತ ಇದೇ. ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟು ಎತ್ತಿದ ಗೆಳೆಯನಿಗೆ ಇಂದು ಕೆಲಸ ಹಂಚಬೇಕು. ಕೆಲವರು ಗೆಳೆತನಕ್ಕೆ ಸೋತು ನಿಯಮ ಸಡಿಲಿಸುತ್ತಾರೆ. ಕೆಲವರು ಅಧಿಕಾರ ತೋರಿಸಲು ಕೂಗಾಡುತ್ತಾರೆ. ಎರಡರಿಂದಲೂ ಪಾಳಿ ಕೆಡುತ್ತದೆ. ಭಾರದ ಕೆಲಸವನ್ನು ಸರದಿಯಲ್ಲಿ ಹಂಚುವುದು, ತಪ್ಪಾದಾಗ ಮನುಷ್ಯನನ್ನು ಬಯ್ಯುವ ಮೊದಲು ಕೆಲಸದ ಕ್ರಮವನ್ನು ನೋಡುವುದು, ತಂಡದ ಒಳ್ಳೆಯ ಸಲಹೆಯನ್ನು ಅವರ ಹೆಸರಿನಲ್ಲೇ ಮೇಲಕ್ಕೆ ತಲುಪಿಸುವುದು, ಇಷ್ಟು ಮಾಡುವವನ ಮಾತನ್ನು ಜನ ಕೇಳುತ್ತಾರೆ. ಜೊತೆಗೆ ಭಾಷೆ. ನಮ್ಮ ಡಾಕ್‌ನಲ್ಲಿ ಮರಾಠಿ, ಹಿಂದಿ, ತೆಲುಗು, ಛತ್ತೀಸಗಢಿ ಎಲ್ಲವೂ ಕೇಳುತ್ತವೆ. ಮನೆಯಲ್ಲಿ ಕನ್ನಡ ಗಟ್ಟಿಯಾಗಿರಲಿ, ಮಕ್ಕಳಿಗೆ ಓದಲು ಬರೆಯಲು ಕಲಿಸೋಣ. ಇಲ್ಲಿನ ಮರಾಠಿಯನ್ನು ಪ್ರೀತಿಯಿಂದ ಕಲಿಯೋಣ. ಜನರ ಮಾತು ಬಾರದವನಿಗೆ ಜನರ ಮೇಲ್ವಿಚಾರಣೆ ಒಗ್ಗದು.

ಬಿಸಿಲಿನ ಮಾತು ಬಿಡುವಂತಿಲ್ಲ. ಮೇ ತಿಂಗಳಲ್ಲಿ ನಾಗಪುರದ ತಾಪ 45 ಡಿಗ್ರಿ ದಾಟುವುದುಂಟು; ತಗಡಿನ ಮಾಡಿನ ಕೆಳಗೆ, ನಿಂತ ಕಂಟೇನರ್ ಒಳಗೆ ಅದಕ್ಕಿಂತ ಹೆಚ್ಚು. ಚಾಕೊಲೇಟಿಗೆ, ಔಷಧಿಗೆ ಉಷ್ಣಮಾಪಕ ಇಡುತ್ತೇವೆ. ಅದೇ ಎಚ್ಚರ ಮನುಷ್ಯನಿಗೂ ಸಿಗಬೇಕು. ಕಂಟೇನರ್ ಇಳಿಸುವ ಕೆಲಸವನ್ನು ಬೆಳಗಿನ ಹೊತ್ತಿಗೆ ಇಡಿ, ಗಂಟೆಗೊಮ್ಮೆ ಸರದಿ ಬದಲಿಸಿ, ಡಾಕ್ ಹತ್ತಿರವೇ ನೀರು, ಉಪ್ಪು-ಸಕ್ಕರೆಯ ದ್ರಾವಣ ಇರಲಿ. ಒಳಗೆ ನಿಂತು ಬೆವರಿದ ಮ್ಯಾನೇಜರ್‌ಗೆ ಇದನ್ನು ಯಾರೂ ನೆನಪಿಸಬೇಕಾಗುವುದಿಲ್ಲ. ನೆಲದಿಂದ ಬಂದವನು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಇನ್ನು ಆಡಳಿತದವರ ಕಡೆಯ ಕಾರಣ. ಗೋದಾಮಿನ ಬಹುಪಾಲು ಕೈಗಳು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿವೆ. ಗುತ್ತಿಗೆದಾರ ಬದಲಾದರೆ ಹುಡುಗನ ಅನುಭವವೂ ಸೊನ್ನೆಯಿಂದ ಶುರು. ಮಾಲಿನ ಪ್ರತಿ ಪೆಟ್ಟಿಗೆಗೂ ಬಾರ್‌ಕೋಡ್ ಇದೆ, ಅದನ್ನು ಎತ್ತಿಟ್ಟವನ ಕೌಶಲಕ್ಕೆ ಎಲ್ಲೂ ದಾಖಲೆಯಿಲ್ಲ. ಇದು ಅನ್ಯಾಯ. ಮಹಾರಾಷ್ಟ್ರ ಈ ವಿಷಯದಲ್ಲಿ ಹಿಂದೊಮ್ಮೆ ದೇಶಕ್ಕೆ ದಾರಿ ತೋರಿಸಿದೆ. ಅಣ್ಣಾಸಾಹೇಬ ಪಾಟೀಲರಂಥ ನಾಯಕರ ಹೋರಾಟದ ಫಲವಾಗಿ 1969ರಲ್ಲಿ ಮಾಥಾಡಿ, ಹಮಾಲರ ಕಾಯ್ದೆ ಬಂತು. ತಲೆಹೊರೆಯ ಕೆಲಸಗಾರನನ್ನು ಮಂಡಳಿಯಲ್ಲಿ ನೋಂದಾಯಿಸಿ, ಅದರ ಮೂಲಕವೇ ಕೂಲಿ, ಭವಿಷ್ಯನಿಧಿ, ಗ್ರಾಚ್ಯುಯಿಟಿ ಕೊಡುವ ವ್ಯವಸ್ಥೆ ಅದು. ಮಾಲೀಕರು ಹಲವರಿದ್ದರೂ ಕೆಲಸಗಾರನ ದಾಖಲೆ ಒಂದೇ ಕಡೆ ಉಳಿಯಬಹುದು ಎಂದು ಅದು ತೋರಿಸಿತು. ಆ ಕಾಯ್ದೆ ಹಮಾಲನಿಗೆ ಭದ್ರತೆ ಕೊಟ್ಟಿತು. ಈಗ ಬೇಕಿರುವುದು ಬೆಳವಣಿಗೆ.

ಅದಕ್ಕಾಗಿ ಈ ಪೀಠದಿಂದ ನಾಲ್ಕು ಒತ್ತಾಯಗಳನ್ನು ಮುಂದಿಡುತ್ತೇನೆ. ಒಂದು, ಟೀಮ್ ಲೀಡರ್ ಹುದ್ದೆ ಖಾಲಿಯಾದಾಗ ಹೊರಗಿನಿಂದ ಕರೆಯುವ ಮೊದಲು ಒಳಗಿನ ಕೆಲಸಗಾರರಿಗೆ, ಗುತ್ತಿಗೆಯವರನ್ನೂ ಸೇರಿಸಿ, ಪರೀಕ್ಷೆ ಬರೆಯುವ ಅವಕಾಶ ಕೊಡಿ. ಎರಡು, ಯಾರು ಯಾವ ಯಂತ್ರ ನಡೆಸಬಲ್ಲರು, ಯಾವ ವಿಭಾಗದಲ್ಲಿ ದುಡಿದಿದ್ದಾರೆ ಎಂಬ ಪತ್ರವನ್ನು ಕೆಲಸ ಬಿಡುವಾಗ ಅವರ ಕೈಗೆ ಕೊಡಿ. ಶಾಲೆ ಬಿಟ್ಟವನ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರ್ಕಾರದ ಕೌಶಲ ಯೋಜನೆಗಳಲ್ಲಿದೆ. ಲಾಜಿಸ್ಟಿಕ್ಸ್ ಕ್ಷೇತ್ರಕ್ಕೆಂದೇ ಕೌಶಲ ಮಂಡಳಿಯೂ ಇದೆ. ಅದನ್ನು ಗೋದಾಮಿನ ಬಾಗಿಲಿಗೆ ತನ್ನಿ. ಮೂರು, ಪಾಳಿ ಬದಲಾಗುವ ಕಾರಣಕ್ಕೆ ಓದು ನಿಲ್ಲಬಾರದು. ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಇಂಥ ಕಡೆ ಓದುವವರಿಗೆ ಪರೀಕ್ಷೆಯ ದಿನಗಳಲ್ಲಿ ಒಂದೇ ಪಾಳಿ ನಿಗದಿ ಮಾಡಿ. ಇಲ್ಲೇ ಮಿಹಾನ್ ಕೈಗಾರಿಕಾ ಪ್ರದೇಶದಲ್ಲಿ ನಾಗಪುರದ ಐಐಎಂ ಇದೆ. ಅಲ್ಲಿನ ವಿದ್ಯಾರ್ಥಿಗಳು ನಮ್ಮ ಡಾಕ್‌ಗೆ ಬಂದು ಕಲಿಯಲಿ, ನಮ್ಮ ಸೂಪರ್‌ವೈಸರ್‌ಗಳು ಅಲ್ಲಿಗೆ ಹೋಗಿ ಕಲಿಯಲಿ.

ನಾಲ್ಕನೆಯದು ಹೆಣ್ಣುಮಕ್ಕಳ ವಿಷಯ. ಪ್ಯಾಕಿಂಗ್‌ನಲ್ಲಿ ಅವರನ್ನು ಕಾಣುತ್ತೇವೆ, ಶಿಫ್ಟ್ ಇನ್‌ಚಾರ್ಜ್ ಕುರ್ಚಿಯಲ್ಲಿ ಅಪರೂಪ. ರಾತ್ರಿ ಪಾಳಿ ಮಾಡದವರಿಗೆ ಬಡ್ತಿಯಿಲ್ಲ ಎಂಬ ರೂಢಿಯೇ ಇದಕ್ಕೆ ದೊಡ್ಡ ಕಾರಣ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮಹಿಳೆಯ ಒಪ್ಪಿಗೆಯಿದ್ದರೆ ರಾತ್ರಿ ಕೆಲಸಕ್ಕೆ ಅವಕಾಶ ಕೊಟ್ಟಿದೆ. ರಕ್ಷಣೆಯ, ಮನೆಬಾಗಿಲಿಗೆ ತಲುಪಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಆ ಹೊಣೆಯನ್ನು ಪೂರ್ತಿಯಾಗಿ ನಿಭಾಯಿಸಿ. ಶೌಚಾಲಯ, ವಿಶ್ರಾಂತಿ ಕೋಣೆ ಸರಿಯಿರಲಿ. ಎತ್ತರಕ್ಕೆ ಮಾಲು ಏರಿಸುವ ರೀಚ್ ಟ್ರಕ್ ನಡೆಸುವ ತರಬೇತಿಯಲ್ಲಿ ಅವರಿಗೂ ಪಾಲಿರಲಿ. ಅದಕ್ಕೆ ಬೇಕಿರುವುದು ತೋಳ್ಬಲವಲ್ಲ, ಗಮನ.

ಯಂತ್ರಗಳು ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತವೆ ಎಂಬ ಭಯವನ್ನು ಹಲವರು ಬೆಳಗಿನಿಂದ ನನ್ನಲ್ಲಿ ತೋಡಿಕೊಂಡರು. ಭಯ ಸುಳ್ಳಲ್ಲ. ಕನ್ವೇಯರ್, ಸಾರ್ಟರ್ ಬಂದ ಕಡೆ ಬರೀ ಎತ್ತಿಡುವ ಕೆಲಸ ಕಡಿಮೆಯಾಗುತ್ತದೆ. ಆದರೆ ಕನ್ವೇಯರ್ ನಿಂತಾಗ ಏನು ಮಾಡಬೇಕು, ಒಡೆದ ಪೆಟ್ಟಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹಬ್ಬದ ವಾರದಲ್ಲಿ ಯಾವ ಲೈನ್ ತುಂಬುತ್ತದೆ ಎಂದು ಹೇಳಬಲ್ಲವನು ಬೇಕೇ ಬೇಕು. ಅವನು ನೆಲದಲ್ಲಿ ಬೆಳೆದವನೇ ಆಗಿರಲಿ ಎಂದು ನಾವು ಈಗಿನಿಂದಲೇ ಸಿದ್ಧರಾಗಬೇಕು.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ತೊಗರಿ ಬೆಳೆಯುವ ಮನೆಗಳಿಂದ ಬಂದ ಹುಡುಗರು ಇಲ್ಲಿದ್ದೀರಿ. ನಿಮ್ಮ ಅಪ್ಪಂದಿರು ಕಾಳು ಮಾಗುವವರೆಗೆ ಕಾಯುವ ತಾಳ್ಮೆ ಉಳ್ಳವರು. ಈ ವೃತ್ತಿಯಲ್ಲೂ ತಾಳ್ಮೆ ಬೇಕು, ಆದರೆ ಸುಮ್ಮನೆ ಕಾಯುವ ತಾಳ್ಮೆಯಲ್ಲ, ಪ್ರತಿ ವರ್ಷ ಹೊಸದೊಂದನ್ನು ಕಲಿಯುತ್ತ ಕಾಯುವ ತಾಳ್ಮೆ. ಮೇಲೆ ಬಂದ ಹಿರಿಯರಿಗೆ ನನ್ನ ಕೋರಿಕೆ ಇನ್ನೂ ಸ್ಪಷ್ಟ. ಈ ಸಭೆಯಿಂದ ಹೋಗುವ ಮುನ್ನ ನೀವೊಬ್ಬೊಬ್ಬರೂ ಒಬ್ಬ ಲೋಡರ್ ಅಥವಾ ಪಿಕ್ಕರ್‌ನ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಮುಂದಿನ ಸಮಾವೇಶದ ಹೊತ್ತಿಗೆ ಅವರು ಒಂದು ಹಂತ ಮೇಲೇರುವಂತೆ ಕಲಿಸುವ ಹೊಣೆ ಹೊತ್ತುಕೊಳ್ಳಿ. ನಾನೂ ಒಬ್ಬರ ಹೆಸರು ಬರೆದುಕೊಳ್ಳುತ್ತೇನೆ. ಈ ಸಮಾವೇಶ ಸಾರ್ಥಕವಾಯಿತೇ ಎಂಬುದನ್ನು ನಾವು ಆ ಹೆಸರುಗಳಿಂದಲೇ ಅಳೆಯೋಣ.